ಮನೆಯಲ್ಲಿ ಥೈರಾಯ್ಡ್ ಇದ್ದರೆ ಮಗುವಿನಲ್ಲಿ ಏನನ್ನು ಗಮನಿಸಬೇಕು

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಬೆಳಗ್ಗೆ ಎದ್ದು ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ಒಬ್ಬರಾದರೂ ಇರುವುದು ಈಗ ಅಪರೂಪವೇನಲ್ಲ. ಒಂದು ಮನೆಯಲ್ಲಿ ಅಮ್ಮನಿಗೆ ಎರಡನೆಯ ಹೆರಿಗೆಯ ನಂತರ ಅದು ಶುರುವಾಗಿರುತ್ತದೆ. ಇನ್ನೊಂದರಲ್ಲಿ ಅಜ್ಜಿಯ ಕುತ್ತಿಗೆಯ ಗಡ್ಡೆಯನ್ನು ಮಂಗಳೂರಿನಲ್ಲಿ ತೆಗೆಸಿ ವರ್ಷಗಳೇ ಸಂದಿರುತ್ತವೆ. ಇಂಥ ಮನೆಯ ಮಗು ಸ್ವಲ್ಪ ದಪ್ಪಗಾದರೆ, ಬೆಳಗ್ಗೆ ಏಳಲು ಬೇಸರಪಟ್ಟರೆ, ಪರೀಕ್ಷೆಯಲ್ಲಿ ಅಂಕ ಇಳಿದರೆ ಹೆತ್ತವರ ಯೋಚನೆ ಮೊದಲು ಹೋಗುವುದು ಅಲ್ಲಿಗೇ. ಕೆಲವರು ಆರು ತಿಂಗಳಿಗೊಮ್ಮೆ ಮಗುವನ್ನು ಲ್ಯಾಬಿಗೆ ಕರೆದೊಯ್ದು ರಕ್ತ ಕೊಡಿಸಿ ಬರುತ್ತಾರೆ. ಇನ್ನು ಕೆಲವರು, ಥೈರಾಯ್ಡ್ ಎಂದರೆ ದೊಡ್ಡವರ, ಅದರಲ್ಲೂ ಹೆಂಗಸರ ಕಾಯಿಲೆ, ಮಕ್ಕಳಿಗೆ ಎಲ್ಲಿಂದ ಬರಬೇಕು ಎಂದು ಸುಮ್ಮನಿರುತ್ತಾರೆ. ಎರಡರಿಂದಲೂ ಮಗುವಿಗೆ ಪ್ರಯೋಜನವಿಲ್ಲ. ಕುಟುಂಬದಲ್ಲಿ ಕಾಯಿಲೆ ಇದೆ ಎಂದು ಗೊತ್ತಿರುವುದರ ನಿಜವಾದ ಉಪಯೋಗವೆಂದರೆ, ಯಾವ ವಯಸ್ಸಿನಲ್ಲಿ ಯಾವ ಬದಲಾವಣೆಯ ಮೇಲೆ ಕಣ್ಣಿಡಬೇಕು ಎಂಬುದು ಮೊದಲೇ ತಿಳಿದಿರುತ್ತದೆ. ಹಾಗೆ ಕಣ್ಣಿಡಲು ರಕ್ತಪರೀಕ್ಷೆಗಿಂತ ಮೊದಲು ಬೇಕಾದದ್ದು ಮಗುವಿನ ಎತ್ತರವನ್ನು ತಾರೀಕು ಸಹಿತ ಬರೆದಿಟ್ಟ ಒಂದು ಹಾಳೆ.

ಥೈರಾಯ್ಡ್ ಎಂಬುದು ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಮಣಿಗಿಂತ ಸ್ವಲ್ಪ ಕೆಳಗೆ, ಶ್ವಾಸನಾಳಕ್ಕೆ ಅಂಟಿಕೊಂಡಂತೆ ಇರುವ ಚಿಕ್ಕ ಗ್ರಂಥಿ. ಅದು ರಕ್ತದಿಂದ ಅಯೋಡಿನ್ನನ್ನು ಹೀರಿಕೊಂಡು ಟಿ4, ಟಿ3 ಎಂಬ ಎರಡು ಹಾರ್ಮೋನುಗಳನ್ನು ತಯಾರಿಸುತ್ತದೆ. ಎಷ್ಟು ತಯಾರಿಸಬೇಕೆಂದು ಅದಕ್ಕೆ ಸೂಚನೆ ಕೊಡುವುದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ. ಆ ಸೂಚನೆಯೇ ಟಿಎಸ್‌ಎಚ್. ತೋಟದ ಟ್ಯಾಂಕಿಯಲ್ಲಿ ನೀರು ಇಳಿದಷ್ಟೂ ಪಂಪು ಹೆಚ್ಚು ಹೊತ್ತು ಓಡುವ ಹಾಗೆ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದಷ್ಟೂ ಟಿಎಸ್‌ಎಚ್ ಏರುತ್ತದೆ, ಹಾರ್ಮೋನು ಅತಿಯಾದರೆ ಟಿಎಸ್‌ಎಚ್ ಇಳಿದುಬಿಡುತ್ತದೆ. ವರದಿಯಲ್ಲಿ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕಡಿಮೆ ಎಂದು ವೈದ್ಯರು ಹೇಳುವಾಗ ಗಲಿಬಿಲಿಗೊಳ್ಳುವವರು ಬಹಳ ಮಂದಿ. ಈ ಸಂಬಂಧವನ್ನು ಒಮ್ಮೆ ಗ್ರಹಿಸಿಕೊಂಡರೆ ಆ ಗಲಿಬಿಲಿ ಉಳಿಯುವುದಿಲ್ಲ.

ದೊಡ್ಡವರಲ್ಲಿ ಈ ಹಾರ್ಮೋನಿನ ಕೊರತೆಯಾದರೆ ದೇಹದ ಕೆಲಸಗಳೆಲ್ಲ ನಿಧಾನವಾಗುತ್ತವೆ, ಮಾತ್ರೆ ಆರಂಭಿಸಿದ ಮೇಲೆ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಮಕ್ಕಳ ವಿಷಯ ಬೇರೆ. ಹುಟ್ಟಿದಂದಿನಿಂದ ಸುಮಾರು 3 ವರ್ಷದವರೆಗೆ ಮಿದುಳಿನ ಬೆಳವಣಿಗೆ ಈ ಹಾರ್ಮೋನನ್ನು ಅವಲಂಬಿಸಿದೆ, ಎಲುಬುಗಳ ತುದಿಗಳು ಕೂಡಿಕೊಳ್ಳುವವರೆಗೆ ಎತ್ತರದ ಬೆಳವಣಿಗೆಯೂ ಅದನ್ನೇ ಅವಲಂಬಿಸಿದೆ. ಆದ್ದರಿಂದ ಮಗುವಿನಲ್ಲಿ ಕಳೆದುಹೋದ ಕಾಲಕ್ಕೆ ಬೆಲೆ ಹೆಚ್ಚು. ಶೈಶವದಲ್ಲಂತೂ ಕೆಲವೇ ವಾರಗಳ ವಿಳಂಬವೂ ಬುದ್ಧಿಯ ಬೆಳವಣಿಗೆಯನ್ನು ಶಾಶ್ವತವಾಗಿ ಕುಗ್ಗಿಸಬಲ್ಲದು.

ಕುಟುಂಬದ ಇತಿಹಾಸದಲ್ಲಿ ಯಾವುದು ಮುಖ್ಯ

'ನಮ್ಮ ಮನೆಯಲ್ಲಿ ಥೈರಾಯ್ಡ್ ಇದೆ' ಎಂದಷ್ಟೇ ಹೇಳಿದರೆ ವೈದ್ಯರಿಗೆ ಸಿಗುವ ಮಾಹಿತಿ ಅತ್ಯಲ್ಪ, ಏಕೆಂದರೆ ಆ ಒಂದೇ ಹೆಸರಿನಡಿ ಆನುವಂಶಿಕತೆಯ ದೃಷ್ಟಿಯಿಂದ ತೀರ ಭಿನ್ನವಾದ ಹಲವು ಕಾಯಿಲೆಗಳಿವೆ. ಅಯೋಡಿನ್ ಸಾಕಷ್ಟು ಸಿಗುವ ಪ್ರದೇಶಗಳಲ್ಲಿ ಶಾಲಾ ವಯಸ್ಸಿನ ಮಕ್ಕಳಿಗೆ ಹೆಚ್ಚಾಗಿ ಬರುವುದು ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಮೊದಲು ವಿವರಿಸಿದ, ಅವರ ಹೆಸರನ್ನೇ ಹೊತ್ತ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಥೈರಾಯ್ಡ್ ಗ್ರಂಥಿಯನ್ನು ಪರಕೀಯವೆಂದು ತಿಳಿದು ನಿಧಾನವಾಗಿ ಸವೆಸುತ್ತಾ ಹೋಗುವುದು ಇದರ ಸ್ವರೂಪ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹಲವು ಪಟ್ಟು ಹೆಚ್ಚು. 4 ವರ್ಷದೊಳಗೆ ವಿರಳ, ಹದಿಹರೆಯದಲ್ಲಿ ಅತಿ ಹೆಚ್ಚು. ಇದರ ಎದುರು ಬದಿಯಲ್ಲಿ, ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಇದೆ. ಅದೂ ರೋಗನಿರೋಧಕ ವ್ಯವಸ್ಥೆಯ ತಪ್ಪಿನಿಂದಲೇ ಬರುವಂಥದು. ಈ ಎರಡೂ ಒಂದೇ ಕುಟುಂಬದಲ್ಲಿ, ಒಬ್ಬರಿಗೆ ಒಂದು, ಮತ್ತೊಬ್ಬರಿಗೆ ಇನ್ನೊಂದು ಎಂಬಂತೆ ಕಾಣಿಸಿಕೊಳ್ಳಬಹುದು. ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೋಗುವುದು ಕಾಯಿಲೆಯ ಕಡೆಗಿನ ಒಲವು ಮಾತ್ರ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಕೂಡ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬಂದೇ ಬರುತ್ತದೆ ಎಂದಿಲ್ಲ. ತಾಯಿಗೆ ಹಾಶಿಮೊಟೊ ಇದ್ದರೆ ಮಗುವಿಗೆ ಸಾಧ್ಯತೆ ಇತರರಿಗಿಂತ ಹೆಚ್ಚು; ಆದರೂ ಇಂಥ ಮಕ್ಕಳಲ್ಲಿ ಹೆಚ್ಚಿನವರು ಬಾಲ್ಯವನ್ನು ಏನೂ ತೊಂದರೆಯಿಲ್ಲದೆ ಕಳೆಯುತ್ತಾರೆ.

ಈ ಒಲವನ್ನು ಅಳೆಯುವಾಗ ಥೈರಾಯ್ಡ್ ಇರುವವರನ್ನು ಮಾತ್ರ ಲೆಕ್ಕ ಹಿಡಿದರೆ ಸಾಲದು. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1 ಮಧುಮೇಹ, ತೊನ್ನು, ಗೋಧಿಯ ಅಂಶ ಒಗ್ಗದ ಸೀಲಿಯಾಕ್ ಕಾಯಿಲೆ, ತಲೆಯಲ್ಲಿ ನಾಣ್ಯದಷ್ಟು ಅಗಲಕ್ಕೆ ಕೂದಲು ಉದುರುವ ತೊಂದರೆ, ಇವೆಲ್ಲ ರೋಗನಿರೋಧಕ ವ್ಯವಸ್ಥೆಯ ಅದೇ ಬಗೆಯ ಎಡವಟ್ಟಿನಿಂದ ಬರುವುದರಿಂದ ಒಂದೇ ಕುಟುಂಬದಲ್ಲಿ ಒಟ್ಟಿಗೆ ಕಾಣಸಿಗುವುದುಂಟು. ನಮ್ಮ ಕಡೆ ತೊನ್ನಿನ ವಿಷಯವನ್ನು ಮನೆಯ ಹೊರಗೆ ಹೇಳಲು ಹಿಂಜರಿಯುತ್ತಾರೆ. ಹೆಣ್ಣುಮಕ್ಕಳ ಥೈರಾಯ್ಡನ್ನೂ ಮದುವೆ ಮುಗಿಯುವ ತನಕ ಮುಚ್ಚಿಡುವವರಿದ್ದಾರೆ. ಆ ಹಿಂಜರಿಕೆ ಅರ್ಥವಾಗುವಂಥದೇ, ಆದರೆ ವೈದ್ಯರ ಮುಂದೆ ಮಾತ್ರ ಅದನ್ನು ಇಟ್ಟುಕೊಳ್ಳಬಾರದು. ತಂದೆಯ ಕಡೆಯ ಇತಿಹಾಸಕ್ಕೂ ತಾಯಿಯ ಕಡೆಯದಕ್ಕಿರುವಷ್ಟೇ ತೂಕವಿದೆ. ಹಾಗಾಗಿ ಆಸ್ಪತ್ರೆಗೆ ಹೋಗುವ ಮುಂಚೆ ಎರಡೂ ಕಡೆಯ ಹಿರಿಯರಿಗೆ ಫೋನು ಮಾಡಿ, ಯಾರಿಗೆ ಏನಿತ್ತು, ಎಷ್ಟನೆಯ ವಯಸ್ಸಿನಲ್ಲಿ ಶುರುವಾಯಿತು, ಮಾತ್ರೆ ಯಾವುದು, ಗಡ್ಡೆ ತೆಗೆಸಿದ್ದರೆ ಅದರ ವರದಿಯಲ್ಲಿ ಏನು ಬರೆದಿತ್ತು ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಆ ಕೊನೆಯ ಪ್ರಶ್ನೆಗೆ ಒಂದು ವಿಶೇಷ ಕಾರಣವಿದೆ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಮೆಡ್ಯುಲರಿ ಎಂಬ ವಿರಳವಾದ ಬಗೆಯೊಂದಿದ್ದು, ಕೆಲವು ಕುಟುಂಬಗಳಲ್ಲಿ ಅದು ಆರ್‌ಇಟಿ ಎಂಬ ಒಂದೇ ವಂಶವಾಹಿಯ ದೋಷದಿಂದ ಬರುತ್ತದೆ. ಆ ದೋಷವುಳ್ಳವರ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ಅರ್ಧಕ್ಕರ್ಧ. ಅಂಥ ಕುಟುಂಬದ ಮಗುವಿಗೆ ಲಕ್ಷಣಗಳು ಕಾಣುವವರೆಗೆ ಕಾಯುವಂತಿಲ್ಲ. ವಂಶವಾಹಿಯ ಪರೀಕ್ಷೆ ಮಾಡಿಸಿ, ದೋಷ ಇದ್ದರೆ ಅದರ ಬಗೆಯನ್ನು ನೋಡಿಕೊಂಡು ಎಳೆಯ ವಯಸ್ಸಿನಲ್ಲೇ ಗ್ರಂಥಿಯನ್ನು ತೆಗೆಯುವುದುಂಟು. ಅಜ್ಜನ ಅಥವಾ ಚಿಕ್ಕಪ್ಪನ ಹಳೆಯ ಬಯಾಪ್ಸಿ ವರದಿ ಅಟ್ಟದ ಮೇಲಿನ ಕಡತದಲ್ಲಿ ಇದ್ದರೆ ಅದನ್ನು ಹುಡುಕಿ ತೆಗೆಯುವಷ್ಟು ಶ್ರಮ ಖಂಡಿತ ಸಾರ್ಥಕ.

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಶಿಶುಗಳದು ಮತ್ತೊಂದು ಕಥೆ. ಭಾರತದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ ಎಂದು ಅಂದಾಜು. ಇವುಗಳಲ್ಲಿ ಹೆಚ್ಚಿನವಕ್ಕೆ ಗರ್ಭದಲ್ಲಿ ಗ್ರಂಥಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅದು ಬಹುಪಾಲು ಆಕಸ್ಮಿಕ, ಕುಟುಂಬಕ್ಕೂ ಅದಕ್ಕೂ ಸಂಬಂಧ ಕಡಿಮೆ. ಉಳಿದ ಸಣ್ಣ ಪಾಲಿನಲ್ಲಿ ಗ್ರಂಥಿ ಇದ್ದೂ ಹಾರ್ಮೋನು ತಯಾರಿಸುವ ಯಾವುದೋ ಒಂದು ಹಂತ ಕೆಟ್ಟಿರುತ್ತದೆ. ಇದು ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಮಾತ್ರ ಪ್ರಕಟವಾಗುವಂಥದು. ಅಂಥ ದಂಪತಿಗಳ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ಇರುವ ಕುಟುಂಬಗಳಲ್ಲಿ, ಹಿಂದಿನ ಮಗುವಿಗೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದ್ದಿದ್ದರೆ, ಮುಂದಿನ ಗರ್ಭದ ಸಮಯದಲ್ಲೇ ವೈದ್ಯರಿಗೆ ತಿಳಿಸಿರಬೇಕು.

ಹುಟ್ಟಿದ ಮೊದಲ ವಾರ

ಥೈರಾಯ್ಡ್ ಕೊರತೆಯಿರುವ ಶಿಶು ಹುಟ್ಟುವಾಗ ನೋಡಲು ಎಲ್ಲ ಶಿಶುಗಳಂತೆಯೇ ಇರುತ್ತದೆ. ತೂಕ ಸರಿಯಾಗಿರುತ್ತದೆ, ಉದ್ದ ಸರಿಯಾಗಿರುತ್ತದೆ, ಏಕೆಂದರೆ ಗರ್ಭದಲ್ಲಿರುವಷ್ಟು ದಿನ ತಾಯಿಯ ಹಾರ್ಮೋನು ಸ್ವಲ್ಪಮಟ್ಟಿಗೆ ಅದನ್ನು ಕಾಪಾಡಿರುತ್ತದೆ. ಕಾಮಾಲೆ ಎರಡು ವಾರ ದಾಟಿದರೂ ಇಳಿಯದಿರುವುದು, ಮಲಬದ್ಧತೆ, ಹಾಲು ಕುಡಿಯುವಾಗಲೇ ನಿದ್ದೆಹೋಗುವುದು, ಗೊಗ್ಗರು ದನಿಯ ಅಳು, ಹೊರಚಾಚಿದ ದಪ್ಪ ನಾಲಿಗೆ, ಉಬ್ಬಿದ ಹೊಕ್ಕುಳು, ತಣ್ಣಗಿನ ಒಣ ಚರ್ಮ, ನೆತ್ತಿಯ ಹಿಂಭಾಗದ ಸುಳಿ ಅಗಲವಾಗಿರುವುದು, ಇವೆಲ್ಲ ನಿಧಾನವಾಗಿ, ವಾರಗಳು ಕಳೆದಂತೆ ತೋರಿಕೊಳ್ಳುತ್ತವೆ. ಅತ್ತು ರಂಪ ಮಾಡದ, ರಾತ್ರಿಯಿಡೀ ಮಲಗುವ ಈ ಶಿಶುವನ್ನು ನೋಡಲು ಬಂದವರೆಲ್ಲ ಎಷ್ಟು ಒಳ್ಳೆಯ ಮಗು ಎಂದು ಹೊಗಳುತ್ತಿರುತ್ತಾರೆ. ಲಕ್ಷಣಗಳು ಸ್ಪಷ್ಟವಾಗುವ ಹೊತ್ತಿಗೆ ಮಿದುಳಿಗೆ ಹಾನಿಯಾಗಿರುತ್ತದೆ. ಆದ್ದರಿಂದ ಇಲ್ಲಿ ಮಾತ್ರ ಕಣ್ಣನ್ನು ನಂಬಬಾರದು, ರಕ್ತಪರೀಕ್ಷೆಯನ್ನೇ ನಂಬಬೇಕು.

ಆ ಪರೀಕ್ಷೆ ಸರಳವಾದದ್ದು. ಹುಟ್ಟಿದ 48 ಗಂಟೆಗಳ ನಂತರ, ಸಾಧ್ಯವಾದಷ್ಟೂ ಐದು ದಿನಗಳೊಳಗೆ, ಶಿಶುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ವಿಶೇಷ ಕಾಗದದ ಮೇಲೆ ಒಣಗಿಸಿ ಕಳುಹಿಸುತ್ತಾರೆ. ಕೆಲವೆಡೆ ಹೊಕ್ಕುಳಬಳ್ಳಿಯ ರಕ್ತವನ್ನೇ ತೆಗೆಯುತ್ತಾರೆ. ಹುಟ್ಟಿದ ಮೊದಲ ಗಂಟೆಗಳಲ್ಲಿ ಪ್ರತಿ ಆರೋಗ್ಯವಂತ ಶಿಶುವಿನ ಟಿಎಸ್‌ಎಚ್ ಕೂಡ ಜೋರಾಗಿ ಏರಿ ಇಳಿಯುವುದರಿಂದ, ಮೊದಲ ದಿನವೇ ಹಿಮ್ಮಡಿಯಿಂದ ತೆಗೆದ ರಕ್ತ ವೃಥಾ ಗಾಬರಿ ಹುಟ್ಟಿಸಬಹುದು. ಕೇರಳದ ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣಾ ಯೋಜನೆಯಡಿ ಈ ಪರೀಕ್ಷೆ ನಡೆಯುತ್ತದೆ. ಆದರೆ ಗಡಿಯ ಈಚೆಗಿನ ನಾವು ಹೆರಿಗೆಗೆ ಮಂಗಳೂರಿಗೆ ಹೋಗುವುದೂ, ಪುತ್ತೂರಿಗೆ ಹೋಗುವುದೂ ಸಾಮಾನ್ಯ. ಬಾಣಂತನಕ್ಕೆ ತವರಿಗೆ, ಅಲ್ಲಿಂದ ಗಂಡನ ಮನೆಗೆ ಎಂದು ತಾಯಿಯೂ ಮಗುವೂ ಎರಡು ರಾಜ್ಯಗಳ ನಡುವೆ ಓಡಾಡುವಾಗ, ಒಂದು ಕಡೆ ಮಾಡಿರಬಹುದು ಎಂದು ಇನ್ನೊಂದು ಕಡೆ ಭಾವಿಸಿ, ಕೊನೆಗೆ ಎಲ್ಲಿಯೂ ಮಾಡದೆ ಉಳಿಯುವ ಅಪಾಯ ನಿಜವಾದದ್ದು. ಡಿಸ್ಚಾರ್ಜ್ ಚೀಟಿಯಲ್ಲಿ ಶಿಶುವಿನ ಟಿಎಸ್‌ಎಚ್ ಸಂಖ್ಯೆ ಬರೆದಿದೆಯೇ ಎಂದು ನೋಡಿ. ಇಲ್ಲದಿದ್ದರೆ ಆಸ್ಪತ್ರೆಯಿಂದ ಹೊರಡುವ ಮುಂಚೆ ಕೇಳಿ. ಕೊರತೆ ಇದೆಯೆಂದು ಖಚಿತವಾಗಿ ಮೊದಲ ಎರಡು ವಾರಗಳೊಳಗೆ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಆರಂಭಿಸಿ ಕ್ರಮವಾಗಿ ಮುಂದುವರಿಸಿದರೆ, ಮಗು ಉಳಿದ ಮಕ್ಕಳಂತೆಯೇ ಓದಿ ಆಡಿ ಬೆಳೆಯುತ್ತದೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಹಾನಿಯನ್ನು ತಡೆಯುವ ಉಪಾಯಗಳು ಹೆಚ್ಚಿಲ್ಲ.

ತಾಯಿಗೆ ಗ್ರೇವ್ಸ್ ಕಾಯಿಲೆ ಇದ್ದರೆ, ಅಥವಾ ಹಿಂದೆ ಇದ್ದು ಗ್ರಂಥಿಯನ್ನು ತೆಗೆಸಿ ಈಗ ಆಕೆ ಚೆನ್ನಾಗಿಯೇ ಇದ್ದರೂ, ಆ ಸಂಗತಿಯನ್ನು ಹೆರಿಗೆ ತಜ್ಞರಿಗೂ ಮಕ್ಕಳ ವೈದ್ಯರಿಗೂ ಹೇಳಲೇಬೇಕು. ಆಕೆಯ ರಕ್ತದಲ್ಲಿ ಉಳಿದಿರುವ, ರೋಗನಿರೋಧಕ ವ್ಯವಸ್ಥೆ ತಯಾರಿಸಿದ ಪ್ರತಿಕಾಯಗಳು (ಆ್ಯಂಟಿಬಾಡಿಗಳು) ಮಾಸುಚೀಲದ ಮೂಲಕ ಶಿಶುವಿಗೆ ಹೋಗಿ, ಕೆಲವು ವಾರಗಳ ಕಾಲ ಅದರ ಥೈರಾಯ್ಡನ್ನು ಅತಿಯಾಗಿ ಕೆರಳಿಸಬಹುದು. ಇದು ಅಂಥ ತಾಯಂದಿರ ಶಿಶುಗಳಲ್ಲಿ ನೂರಕ್ಕೆ ಕೆಲವೇ ಕೆಲವಕ್ಕೆ ಆಗುವುದಾದರೂ, ಆದಾಗ ಹೃದಯಬಡಿತ ವಿಪರೀತವಾಗಿ ಏರಿ ತುರ್ತು ಚಿಕಿತ್ಸೆ ಬೇಕಾಗುತ್ತದೆ.

ಎಂಡೋಸಲ್ಫಾನ್ ಕೀಟನಾಶಕದ ನೆರಳಿನಲ್ಲಿ ಬದುಕಿದ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಯ ಹೆತ್ತವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿದ ಈ ನೆಲದಲ್ಲಿ, ಮಗುವಿನ ಮಾತು ತಡವಾದರೆ, ನಡಿಗೆ ತಡವಾದರೆ, ಇದೂ ಅದರದ್ದೇ ಫಲ ಎಂದು ಮನೆಯವರು ಕೈಚೆಲ್ಲಿ ಕೂರುವುದು ಸಹಜ. ಕಾರಣ ಏನೇ ಇರಲಿ, ಬೆಳವಣಿಗೆ ಹಿಂದುಳಿದ ಪ್ರತಿ ಮಗುವಿಗೂ ಒಮ್ಮೆ ಟಿಎಸ್‌ಎಚ್ ಮತ್ತು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಪರೀಕ್ಷೆ ಆಗಿರಲೇಬೇಕು. ಬುದ್ಧಿಮಾಂದ್ಯಕ್ಕೆ ಕಾರಣವಾಗುವ ಕಾಯಿಲೆಗಳಲ್ಲಿ ಮದ್ದಿನಿಂದ ತಡೆಯಬಹುದಾದವು ಬೆರಳೆಣಿಕೆಯಷ್ಟು ಮಾತ್ರ, ಥೈರಾಯ್ಡ್ ಕೊರತೆ ಅವುಗಳಲ್ಲೊಂದು.

ಎತ್ತರದ ಲೆಕ್ಕ

ಶಾಲೆಗೆ ಹೋಗುವ ವಯಸ್ಸಿನಲ್ಲಿ ಕಾಯಿಲೆ ಬರುವ ರೀತಿ ಬೇರೆ. ಮೂರು ನಾಲ್ಕು ವರ್ಷದ ತನಕ ಚೆನ್ನಾಗಿಯೇ ಬೆಳೆದ ಮಗುವಿನಲ್ಲಿ ಹಾಶಿಮೊಟೊ ಕಾಯಿಲೆ ಸದ್ದಿಲ್ಲದೆ ಶುರುವಾಗಿ, ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ ಗಟ್ಟಿಯಾಗುತ್ತದೆ. ಸುಸ್ತು, ಚಳಿ ತಡೆಯಲಾರದಿರುವುದು, ಮಲಬದ್ಧತೆ, ಒರಟು ಚರ್ಮ, ಮುಖದಲ್ಲಿ ಬಾವು, ಇವು ಬರುವುದುಂಟು. ಆದರೆ ಇವೆಲ್ಲಕ್ಕಿಂತ ಮೊದಲು, ಎಷ್ಟೋ ಸಲ ಇವೊಂದೂ ಇಲ್ಲದೆ ತೋರುವುದು ಎತ್ತರದ ಬೆಳವಣಿಗೆ ಕುಂಠಿತವಾಗುವುದು. ಇದನ್ನು ಕಾಣುವುದು ಕಷ್ಟ, ಏಕೆಂದರೆ ದಿನವೂ ಕಣ್ಣೆದುರಿಗಿರುವ ಮಗು ಬೆಳೆಯುತ್ತಿಲ್ಲವೆಂಬುದು ಯಾರಿಗೂ ಹೊಳೆಯುವುದಿಲ್ಲ. ಕಳೆದ ವರ್ಷದ ಯೂನಿಫಾರ್ಮು ಈ ವರ್ಷವೂ ಉದ್ದಕ್ಕೆ ಸರಿಯಾಗುತ್ತಿದ್ದು ಸೊಂಟದಲ್ಲಿ ಮಾತ್ರ ಬಿಗಿಯಾಗುತ್ತಿದ್ದರೆ, ಎರಡು ವರ್ಷ ಚಿಕ್ಕವಳಾದ ತಂಗಿ ಅಕ್ಕನ ಎತ್ತರಕ್ಕೆ ಬಂದಿದ್ದರೆ, ತರಗತಿಯ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿದ್ದ ಹುಡುಗಿ ಈಗ ಮುಂದಿನ ಸಾಲಿಗೆ ಬಂದಿದ್ದರೆ, ಆಗ ತಡಮಾಡದೆ ಅಳತೆ ತೆಗೆಯಬೇಕು.

ಸಾಮಾನ್ಯವಾಗಿ ಮಗು ಹುಟ್ಟುವಾಗ ಸುಮಾರು 50 ಸೆಂ.ಮೀ. ಇದ್ದು ಮೊದಲ ವರ್ಷ 25 ಸೆಂ.ಮೀ.ನಷ್ಟು ಬೆಳೆಯುತ್ತದೆ, ಎರಡನೆಯ ವರ್ಷ 10ರಿಂದ 12, ಆ ಮೇಲೆ ನಿಧಾನವಾಗಿ ಇಳಿದು, 4 ವರ್ಷದಿಂದ ಹದಿಹರೆಯ ಆರಂಭವಾಗುವ ತನಕ ವರ್ಷಕ್ಕೆ 5ರಿಂದ 6 ಸೆಂ.ಮೀ. ಬೆಳೆಯುತ್ತದೆ. ಈ ವಯಸ್ಸಿನಲ್ಲಿ ಇಡೀ ವರ್ಷದ ಬೆಳವಣಿಗೆ 4 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದಕ್ಕೆ ಕಾರಣ ಹುಡುಕಬೇಕು. ಅಳೆಯುವ ಕ್ರಮವೂ ಮುಖ್ಯ. ಚಪ್ಪಲಿ ಇಲ್ಲದೆ, ಜಡೆ ಬಿಚ್ಚಿ, ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗುವಂತೆ ನೇರ ನಿಲ್ಲಿಸಿ, ಕಣ್ಣು ನೇರ ಮುಂದಕ್ಕೆ ನೋಡುತ್ತಿರುವಾಗ, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ನೆತ್ತಿಯ ಮೇಲೆ ಗೋಡೆಗೆ ಲಂಬವಾಗಿ ಒತ್ತಿ ಹಿಡಿದು ಗೆರೆ ಹಾಕಬೇಕು. ದಿನ ಕಳೆದಂತೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ಕುಗ್ಗುವುದರಿಂದ ಬೆಳಗ್ಗೆಯ ಅಳತೆ ಸಂಜೆಗಿಂತ ಒಂದು ಸೆಂ.ಮೀ.ವರೆಗೂ ಹೆಚ್ಚಿರುತ್ತದೆ; ಹಾಗಾಗಿ ಪ್ರತಿ ಸಲವೂ ಒಂದೇ ಹೊತ್ತಿಗೆ ಅಳೆಯುವುದು ವಾಸಿ. ಆರು ತಿಂಗಳಿಗೊಮ್ಮೆ ಅಳೆದರೆ ಸಾಕು. ತಿಂಗಳು ತಿಂಗಳೂ ಅಳೆದರೆ ಅಳತೆಯ ತಪ್ಪೇ ಬೆಳವಣಿಗೆಗಿಂತ ದೊಡ್ಡದಾಗಿ ಕಾಣುತ್ತದೆ.

ಅಂಗನವಾಡಿಯಲ್ಲಿ ಎತ್ತರವನ್ನೂ ಅಳೆಯುತ್ತಾರೆ, ಆದರೆ ಹೆತ್ತವರು ಕೇಳಿ ತಿಳಿದುಕೊಳ್ಳುವುದು ತೂಕವನ್ನು ಮಾತ್ರ. ತೂಕ ಸರಿ ಇದೆ ಎಂಬ ಸಮಾಧಾನವೇ ಥೈರಾಯ್ಡ್ ಕೊರತೆಯನ್ನು ಮುಚ್ಚಿಡುತ್ತದೆ, ಏಕೆಂದರೆ ಈ ಮಕ್ಕಳ ತೂಕ ಇಳಿಯುವುದಿಲ್ಲ, ತುಸು ಏರಿಯೇ ಇರುತ್ತದೆ. ಐದು ವರ್ಷ ದಾಟಿದ ಮಕ್ಕಳಿಗೆ ಭಾರತೀಯ ಮಕ್ಕಳ ತಜ್ಞರ ಸಂಘವು 2015ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ನಕ್ಷೆಗಳಿವೆ. ಮಕ್ಕಳ ವೈದ್ಯರಲ್ಲಿ ಕೇಳಿದರೆ ಮಗುವಿನ ಅಳತೆಯನ್ನು ಅದರಲ್ಲಿ ಗುರುತಿಸಿಕೊಡುತ್ತಾರೆ. ಮಗು ಗಿಡ್ಡವಾಗಿರುವುದೇ ಕಾಯಿಲೆಯಲ್ಲ. ತಂದೆ ತಾಯಿ ಗಿಡ್ಡವಿದ್ದು, ಮಗುವೂ ಕೆಳಗಿನ ಗೆರೆಯೊಂದರ ಜತೆಗೇ ವರ್ಷ ವರ್ಷವೂ ಸಾಗುತ್ತಿದ್ದರೆ ಚಿಂತೆ ಬೇಡ. ಇದುವರೆಗೆ ನಡುವಿನ ಗೆರೆಯಲ್ಲಿದ್ದ ಮಗು ಎರಡು ವರ್ಷಗಳಲ್ಲಿ ಕೆಳಗಿನ ಗೆರೆಗಳನ್ನು ದಾಟಿ ಇಳಿಯುತ್ತಿದ್ದರೆ ಅದು ಗಂಭೀರ.

ದಪ್ಪಗಾಗುವ ಮಗುವಿನ ಬಗ್ಗೆ ಇಲ್ಲಿಂದಲೇ ಒಂದು ತೀರ್ಮಾನಕ್ಕೆ ಬರಬಹುದು. ಹೆಚ್ಚು ತಿಂದು, ಕಡಿಮೆ ಓಡಾಡಿ ದಪ್ಪವಾದ ಮಗು ತನ್ನ ವಯಸ್ಸಿಗೆ ಎತ್ತರವಾಗಿಯೇ ಇರುತ್ತದೆ. ಥೈರಾಯ್ಡ್ ಕೊರತೆಯಿಂದ ತೂಕ ಏರಿದ ಮಗು ಗಿಡ್ಡವಾಗಿರುತ್ತದೆ, ಏರಿದ ತೂಕವೂ ತೀರ ಹೆಚ್ಚಿರುವುದಿಲ್ಲ. ಎತ್ತರವಾಗಿ, ದಪ್ಪವಾಗಿ ಬೆಳೆಯುತ್ತಿರುವ ಹುಡುಗನ ತೂಕಕ್ಕೆ ಥೈರಾಯ್ಡನ್ನು ಕಾರಣ ಮಾಡುವುದರಿಂದ ಬೇಕರಿ ತಿಂಡಿಯ ಮತ್ತು ಮೊಬೈಲಿನ ಪ್ರಶ್ನೆಯನ್ನು ತಪ್ಪಿಸಿಕೊಂಡಂತಾಗುತ್ತದೆ ಅಷ್ಟೆ.

ಓದಿನ ವಿಷಯದಲ್ಲಿಯೂ ಅನೇಕರ ತಿಳಿವಳಿಕೆ ತಲೆಕೆಳಗಾಗಿದೆ. ಮೂರು ವರ್ಷ ದಾಟಿದ ಮೇಲೆ ಬರುವ ಥೈರಾಯ್ಡ್ ಕೊರತೆಯಿಂದ ಮಗು ದಡ್ಡವಾಗುವುದಿಲ್ಲ. ಎಷ್ಟೋ ಸಲ ಆ ಮಗು ತರಗತಿಯಲ್ಲಿ ಗಲಾಟೆಯಿಲ್ಲದೆ ಕುಳಿತು, ಹೇಳಿದ್ದನ್ನು ಬರೆದು, ಅಧ್ಯಾಪಕರಿಂದ ಹೊಗಳಿಸಿಕೊಳ್ಳುತ್ತಿರುತ್ತದೆ. ಹಾಲುಹಲ್ಲು ಬೀಳುವುದು ತಡವಾಗುವುದು, ಹದಿಹರೆಯದ ಬದಲಾವಣೆಗಳು ವಯಸ್ಸಾದರೂ ಕಾಣಿಸದಿರುವುದು, ವಿರಳವಾಗಿ ಅವು ತೀರ ಬೇಗ ಬರುವುದು, ಮುಟ್ಟಾದ ಹುಡುಗಿಗೆ ವಿಪರೀತ ಸ್ರಾವವಾಗುವುದು, ಕಾರಣವಿಲ್ಲದೆ ಸೊಂಟ ಅಥವಾ ಮೊಣಕಾಲು ನೋವೆಂದು ಕುಂಟುವುದು, ಇವನ್ನು ಎತ್ತರದ ಲೆಕ್ಕದ ಜತೆಗಿಟ್ಟು ನೋಡಬೇಕು. ಡೌನ್ ಸಿಂಡ್ರೋಮ್ ಅಥವಾ ಟರ್ನರ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ವರ್ಣತಂತು ದೋಷ ಇರುವ ಮಕ್ಕಳಿಗೂ, ಟೈಪ್ 1 ಮಧುಮೇಹವಿರುವ ಮಕ್ಕಳಿಗೂ ಕುಟುಂಬದಲ್ಲಿ ಯಾರಿಗೂ ಇಲ್ಲದಿದ್ದರೂ ಕಾಲಕಾಲಕ್ಕೆ ಥೈರಾಯ್ಡ್ ಪರೀಕ್ಷೆ ಅಗತ್ಯ.

ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಮಕ್ಕಳಲ್ಲಿ ಕಡಿಮೆ, ಆದರೆ ಬಂದಾಗ ಅದು ಕಾಯಿಲೆಯೆಂದು ಯಾರಿಗೂ ಅನ್ನಿಸದ ರೂಪದಲ್ಲಿ ಬರುತ್ತದೆ. ಶಾಂತವಾಗಿದ್ದ ಹುಡುಗಿ ಸಿಡುಕುತ್ತಾಳೆ, ಸಣ್ಣ ಮಾತಿಗೆ ಅಳುತ್ತಾಳೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ಕೈ ಸಣ್ಣಗೆ ನಡುಗುವುದರಿಂದ ಅಕ್ಷರ ಕೆಡುತ್ತದೆ. ಜೂನಿನ ಕಾಪಿ ಪುಸ್ತಕವನ್ನೂ ಡಿಸೆಂಬರಿನದನ್ನೂ ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹಸಿವು ಹೆಚ್ಚಿ ಎರಡು ಪಟ್ಟು ಉಂಡರೂ ತೂಕ ಇಳಿಯುತ್ತದೆ, ಸೆಕೆ ತಡೆಯಲಾಗುವುದಿಲ್ಲ, ಸುಮ್ಮನೆ ಕುಳಿತಾಗಲೂ ಎದೆ ಡವಡವ ಎನ್ನುತ್ತದೆ, ಕಣ್ಣುಗಳು ಅಗಲವಾಗಿ ಮುಂದಕ್ಕೆ ಬಂದಂತೆ ತೋರುತ್ತವೆ. ಪ್ರಾಯದ ಚೇಷ್ಟೆ ಎಂದು ಬೈಯುವ ಮುಂಚೆ ಮಲಗಿ ನಿದ್ರಿಸುತ್ತಿರುವ ಮಗುವಿನ ನಾಡಿಯನ್ನು ಒಂದು ನಿಮಿಷ ಎಣಿಸಿ ನೋಡಿ. ನಿದ್ದೆಯಲ್ಲೂ ಅದು ವೇಗವಾಗಿಯೇ ಇದ್ದರೆ ವೈದ್ಯರಿಗೆ ತಿಳಿಸಿ.

ಕುತ್ತಿಗೆಯನ್ನು ಮನೆಯಲ್ಲೇ ನೋಡಬಹುದು. ಕಿಟಕಿಯ ಬೆಳಕಿನಲ್ಲಿ ಮಗುವನ್ನು ಕೂರಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಒಂದು ಗುಟುಕು ನೀರು ನುಂಗಲು ಹೇಳಿ. ನುಂಗುವಾಗ ಗಂಟಲಮಣಿಯ ಕೆಳಗೆ ಎರಡೂ ಬದಿಗೆ ಹರಡಿದ ಉಬ್ಬು ಮೇಲೆ ಹೋಗಿ ಕೆಳಗಿಳಿದರೆ ಅದು ಥೈರಾಯ್ಡ್. ಗ್ರಂಥಿಯ ಒಂದೊಂದು ಬದಿಯೂ ಮಗುವಿನದೇ ಹೆಬ್ಬೆರಳಿನ ತುದಿಯ ಗೆಣ್ಣಿಗಿಂತ ದೊಡ್ಡದಾಗಿದ್ದರೆ ಅದನ್ನು ಗಳಗಂಡವೆಂದು ಪರಿಗಣಿಸುತ್ತಾರೆ. ಒಂದೇ ಬದಿಯಲ್ಲಿ ಗಟ್ಟಿ ಗಂಟಿದ್ದರೆ, ದನಿ ಬದಲಾಗಿದ್ದರೆ, ನುಂಗಲು ಕಷ್ಟವಾದರೆ ಕಾಯಬಾರದು. ಮಕ್ಕಳ ಥೈರಾಯ್ಡ್ ಗಂಟುಗಳು ದೊಡ್ಡವರ ಗಂಟುಗಳಿಗಿಂತ ವಿರಳವಾದರೂ ಕ್ಯಾನ್ಸರ್ ಆಗಿರುವ ಪ್ರಮಾಣ ಅವುಗಳಲ್ಲಿ ಹೆಚ್ಚು.

ಪರೀಕ್ಷೆ, ಉಪ್ಪು, ಮಾತ್ರೆ

ಕುಟುಂಬದಲ್ಲಿ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಚೆನ್ನಾಗಿ ಬೆಳೆಯುತ್ತಿರುವ ಮಗುವಿಗೆ ಪದೇ ಪದೇ ರಕ್ತಪರೀಕ್ಷೆ ಮಾಡಿಸುವುದರಿಂದ ಲಾಭ ಕಡಿಮೆ ಎಂಬುದು ನನ್ನ ದೃಢ ಅಭಿಪ್ರಾಯ. ಬೆಳವಣಿಗೆ ಕುಂಠಿತವಾದಾಗ, ಗಳಗಂಡ ಕಂಡಾಗ, ಮೇಲೆ ಹೇಳಿದ ಲಕ್ಷಣಗಳು ಜತೆಗೂಡಿದಾಗ ಮಾಡಿಸಬೇಕು. ಆಗ ಟಿಎಸ್‌ಎಚ್ ಒಂದೇ ಸಾಲದು, ಫ್ರೀ ಟಿ4 ಕೂಡ ಬೇಕು. ಪಿಟ್ಯುಟರಿಯಲ್ಲೇ ದೋಷವಿದ್ದರೆ ಟಿಎಸ್‌ಎಚ್ ಸರಿಯಾಗಿಯೇ ತೋರಿ ಮೋಸಮಾಡುತ್ತದೆ. ಕಾಯಿಲೆ ಹಾಶಿಮೊಟೊ ಹೌದೇ ಎಂದು ತಿಳಿಯಲು, ಥೈರಾಯ್ಡಿನ ವಿರುದ್ಧ ದೇಹ ತಯಾರಿಸುವ ಟಿಪಿಒ ಪ್ರತಿಕಾಯದ ಪರೀಕ್ಷೆ ಇದೆ. ಲ್ಯಾಬಿನ ಹಾಳೆಯಲ್ಲಿ ಪಕ್ಕಕ್ಕೆ ಅಚ್ಚಾಗಿರುವ ಸಾಮಾನ್ಯ ಮಿತಿ ಬಹುತೇಕ ದೊಡ್ಡವರದಾಗಿರುತ್ತದೆ. ಚಿಕ್ಕ ಮಕ್ಕಳ ಟಿಎಸ್‌ಎಚ್ ಅದಕ್ಕಿಂತ ತುಸು ಮೇಲಿರುವುದು ಸಹಜ. ಫ್ರೀ ಟಿ4 ಸರಿಯಿದ್ದು ಟಿಎಸ್‌ಎಚ್ 5ರಿಂದ 10ರೊಳಗಿದ್ದರೆ, ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಇಳಿಯುವುದರಿಂದ ಕೆಲವು ತಿಂಗಳ ನಂತರ ಮತ್ತೆ ನೋಡುತ್ತಾರೆ. ದಪ್ಪವಿರುವ ಮಕ್ಕಳಲ್ಲಿ ತೂಕದಿಂದಲೇ ಟಿಎಸ್‌ಎಚ್ ಸ್ವಲ್ಪ ಏರಿರುತ್ತದೆ. ಜ್ವರ ಬಂದು ಮಲಗಿರುವಾಗ ಮಾಡಿಸಿದ ಪರೀಕ್ಷೆ ನಂಬಲರ್ಹವಲ್ಲ. ಕೂದಲಿಗೆಂದು ಕೊಡುವ ಬಯೋಟಿನ್ ಮಾತ್ರೆ ವರದಿಯನ್ನೇ ತಪ್ಪಿಸಬಹುದಾದ್ದರಿಂದ, ಪರೀಕ್ಷೆಗೆ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು.

ಕರಾವಳಿಯವರಾದ ನಮಗೆ ಮೀನು, ಸಮುದ್ರದ ಉಪ್ಪು ಇರುವಾಗ ಅಯೋಡಿನ್ನಿನ ಕೊರತೆ ಎಲ್ಲಿಂದ ಎಂದು ಕೇಳುವವರಿದ್ದಾರೆ. ಸಮುದ್ರದ ನೀರಿನಿಂದ ಮಾಡಿದ ಉಪ್ಪಿನಲ್ಲಿ ತಾನಾಗಿ ಉಳಿಯುವ ಅಯೋಡಿನ್ ಅತ್ಯಲ್ಪ. ಅದನ್ನು ಸೇರಿಸಿದರೆ ಮಾತ್ರ ಇರುತ್ತದೆ, ಬಳಸುವವರ ಕೈಗೆ ಬರುವಾಗ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಇರಬೇಕೆಂಬುದು ನಿಯಮ. ಉಪ್ಪಿನಕಾಯಿಗೂ ಹಲಸಿನ ಉಪ್ಪುಸೊಳೆಗೂ ಹರಳುಪ್ಪು ಬಳಸುವುದರಿಂದ ತೊಂದರೆಯಿಲ್ಲ, ದಿನದ ಅಡುಗೆಗೆ ಮಾತ್ರ ಅಯೋಡಿನ್ ಸೇರಿಸಿದ ಉಪ್ಪೇ ಇರಲಿ, ಮಳೆಗಾಲದ ತೇವಕ್ಕೆ ಸಿಗದಂತೆ ಅದರ ಡಬ್ಬಿ ಮುಚ್ಚಿರಲಿ. ಮರಗೆಣಸು, ಕಣಿಲೆ (ಎಳೆಬಿದಿರು), ಕ್ಯಾಬೇಜಿನಲ್ಲಿ ಥೈರಾಯ್ಡಿಗೆ ಅಡ್ಡಿಯಾಗುವ ಅಂಶಗಳಿರುವುದು ನಿಜ. ಆದರೆ ಅಯೋಡಿನ್ ಸಾಕಷ್ಟು ಸಿಗುತ್ತಿರುವ ಮಗು ಇವನ್ನು ಬೇಯಿಸಿ ಮಿತವಾಗಿ ತಿಂದರೆ ಏನೂ ಆಗುವುದಿಲ್ಲ. ಕಣಿಲೆಯನ್ನು ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿಡುವ ನಮ್ಮ ಕ್ರಮ ಅದರ ದೋಷವನ್ನು ಇಳಿಸುತ್ತದೆ. ಹಾಶಿಮೊಟೊ ಇರುವ ಮಗುವಿಗೆ ಅಯೋಡಿನ್ ಮಾತ್ರೆ, ಕಡಲಪಾಚಿಯ ಪುಡಿ ಕೊಡುವುದು ಮಾತ್ರ ಬೇಡ. ಅತಿಯಾದ ಅಯೋಡಿನ್ ಆ ಕಾಯಿಲೆಯನ್ನು ಉಲ್ಬಣಗೊಳಿಸಬಲ್ಲದು.

ಮಾತ್ರೆ ಬೇಕೆಂದಾದರೆ ಅದು ದೇಹದಲ್ಲಿ ಇಲ್ಲದ ಹಾರ್ಮೋನನ್ನೇ ತುಂಬಿಕೊಡುವಂಥದು. ಸರಿಯಾದ ಪ್ರಮಾಣದಲ್ಲಿದ್ದರೆ ಅಡ್ಡಪರಿಣಾಮದ ಭಯ ಬೇಡ. ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ನೀರಿನ ಜತೆ ಕೊಡಬೇಕು. ಶಿಶುವಿಗಾದರೆ ಚಮಚದಲ್ಲಿ ಪುಡಿಮಾಡಿ, ತುಸು ನೀರು ಅಥವಾ ಎದೆಹಾಲಿನಲ್ಲಿ ಕಲಸಿ ಆ ಕ್ಷಣವೇ ಕುಡಿಸಬೇಕು. ಬಾಟಲಿ ತುಂಬ ಹಾಲಿಗೆ ಬೆರೆಸಿದರೆ ಮಗು ಅರ್ಧಕ್ಕೆ ಬಿಟ್ಟಾಗ ಮದ್ದೂ ಅರ್ಧವೇ ಹೋಗುತ್ತದೆ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮದ್ದುಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬಿಸಿ, ಬೆಳಕು, ತೇವ ಈ ಮಾತ್ರೆಯ ಸತ್ವವನ್ನು ಕುಂದಿಸುವುದರಿಂದ ಒಲೆಯ ಪಕ್ಕದ ಕಪಾಟಿನಲ್ಲಿ ಇಡಬಾರದು. ಅಮ್ಮನ ಬಾಟಲಿಯಿಂದ ಅಂದಾಜಿಗೆ ಮುರಿದು ಕೊಡಲೇಬಾರದು. ಹುಟ್ಟಿನಿಂದ ಕೊರತೆಯಿರುವ ಮಗುವಿಗೆ 3 ವರ್ಷ ತುಂಬುವ ಮೊದಲು, ಎಷ್ಟೇ ಚೆನ್ನಾಗಿ ಕಂಡರೂ, ಮದ್ದನ್ನು ನಿಲ್ಲಿಸಿ ನೋಡುವ ಪ್ರಯೋಗ ಬೇಡ. ದೊಡ್ಡ ಮಕ್ಕಳಲ್ಲಿ ಆರಂಭಿಸಿ ಆರರಿಂದ ಎಂಟು ವಾರಕ್ಕೆ ರಕ್ತ ನೋಡಿ ಪ್ರಮಾಣ ಸರಿಪಡಿಸುತ್ತಾರೆ, ಆ ಮೇಲೆ ಬೆಳೆಯುವಷ್ಟು ಕಾಲ ನಾಲ್ಕರಿಂದ ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಚಿಕಿತ್ಸೆ ಆರಂಭವಾದ ಮೊದಲ ತಿಂಗಳುಗಳ ಬಗ್ಗೆ ಹೆತ್ತವರಿಗೆ ಯಾರೂ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟಿರುವುದಿಲ್ಲ. ದೀರ್ಘಕಾಲ ಕೊರತೆಯಿದ್ದು ತೀರ ಸೌಮ್ಯವಾಗಿದ್ದ ಮಗು ಈಗ ಕೂತಲ್ಲಿ ಕೂರುವುದಿಲ್ಲ, ಎದುರು ಮಾತನಾಡುತ್ತದೆ, ಗಮನ ಚದುರಿ ಒಂದೆರಡು ಪರೀಕ್ಷೆಗಳಲ್ಲಿ ಅಂಕ ಇಳಿಯಲೂಬಹುದು, ತಲೆಗೂದಲು ಸ್ವಲ್ಪ ಉದುರಬಹುದು. ಮದ್ದಿನಿಂದಲೇ ಹೀಗಾಯಿತೆಂದು ಹೆದರಿ ಅರ್ಧಕ್ಕೆ ನಿಲ್ಲಿಸುವವರಿದ್ದಾರೆ. ದೇಹ ತನ್ನ ಸಹಜ ವೇಗಕ್ಕೆ ಮರಳುತ್ತಿರುವಾಗ ಆಗುವ ಈ ಬದಲಾವಣೆಗಳು ಕೆಲವು ತಿಂಗಳಲ್ಲಿ ಹತೋಟಿಗೆ ಬರುತ್ತವೆ. ತರಗತಿಯ ಅಧ್ಯಾಪಕರಿಗೆ ಮೊದಲೇ ತಿಳಿಸಿಟ್ಟರೆ ಮಗುವಿಗೆ ಬೈಗುಳ ತಪ್ಪುತ್ತದೆ. ತಲೆನೋವು ಬಿಡದೆ ಕಾಡಿದರೆ, ಕಣ್ಣು ಮಂಜಾದರೆ ಮಾತ್ರ ಕೂಡಲೇ ವೈದ್ಯರನ್ನು ಕಾಣಬೇಕು. ಮೊದಲ ವರ್ಷದಲ್ಲಿ ಎತ್ತರ ಸಾಮಾನ್ಯಕ್ಕಿಂತ ವೇಗವಾಗಿ ಏರುತ್ತದೆ. ಕೊರತೆ ಹಲವು ವರ್ಷ ಗೊತ್ತಾಗದೆ ಉಳಿದು, ಹದಿಹರೆಯದ ಹೊಸ್ತಿಲಲ್ಲಿ ಚಿಕಿತ್ಸೆ ಶುರುವಾದ ಮಕ್ಕಳಲ್ಲಿ ಈ ಏರಿಕೆ ಕಳೆದುಕೊಂಡ ಎತ್ತರವನ್ನು ಪೂರ್ತಿ ತುಂಬಿಕೊಡಲಾರದು. ಅಂಥ ಮಗುವಿನ ತಮ್ಮ ತಂಗಿಯರ ಎತ್ತರವನ್ನು ಆ ದಿನದಿಂದಲೇ ಬರೆದಿಡಲು ಆರಂಭಿಸಬೇಕು.